ಯಾರ ಹಾಜರಿ ಪುಸ್ತಕದಲ್ಲೂ ಇಲ್ಲದ ಮಕ್ಕಳು

ಏಪ್ರಿಲ್ ಮೊದಲ ವಾರದಿಂದ ಜೂನ್ ಮೊದಲ ವಾರದವರೆಗೆ ನಮ್ಮ ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಯಾರ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿಯ ಕೊನೆಯ ಪೇಪರ್ ಬರೆದು ಹೊರಬಿದ್ದ ಮೇಲೆ ಹೈಸ್ಕೂಲಿನ ಲೆಕ್ಕದಲ್ಲಿ ಅವರು ಹೋದವರು. ಪಿಯು ಕಾಲೇಜಿನ ಲೆಕ್ಕದಲ್ಲಿ ಇನ್ನೂ ಬರದವರು. ಬಿಸಿಯೂಟ ಇಲ್ಲ, ಮೇಷ್ಟ್ರಿಲ್ಲ, ಬರಲಿಲ್ಲ ಯಾಕೆ ಅಂತ ಕೇಳುವವರೂ ಇಲ್ಲ. ಓದು ಬಿಡುವ ಮಕ್ಕಳ ಬಗ್ಗೆ ಮಾತಾಡುವಾಗ ನಾವು ಶಾಲೆಯ ಒಳಗೆ ಏನು ಕೆಟ್ಟಿದೆ ಅಂತ ಹುಡುಕುತ್ತೇವೆ. ನನಗೆ ಕಂಡಂತೆ ಬಹಳಷ್ಟು ಮಕ್ಕಳು ಕಳೆದುಹೋಗುವುದು ಶಾಲೆಯ ಒಳಗಲ್ಲ. ಒಂದು ಗೇಟು ದಾಟಿ ಇನ್ನೊಂದು ಗೇಟಿಗೆ ಬರುವ ಮೊದಲು.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಅಡ್ಮಿಷನ್ ಕಮಿಟಿ ಅಂತ ಮಾಡಿ, ವರಾಂಡದಲ್ಲಿ ಮೇಜು ಹಾಕಿ ಕೂರಿಸುತ್ತಾರೆ. ಬೇರೆಯವರು ಈ ಕೆಲಸ ಅಂದರೆ ತಪ್ಪಿಸಿಕೊಳ್ಳುತ್ತಾರೆ. ನನಗೆ ಇಷ್ಟ. ಪಾಠ ಮಾಡುವಾಗ ಗೊತ್ತಾಗದ ಎಷ್ಟೋ ಸಂಗತಿ ಆ ಮೇಜಿನ ಮುಂದೆ ಗೊತ್ತಾಗುತ್ತವೆ.

ಪರೀಕ್ಷೆ ಮುಗಿದ ವಾರವೇ ಹುಡುಗರು ಕೆಲಸಕ್ಕೆ ಹೋಗುತ್ತಾರೆ. ‘ರಿಸಲ್ಟ್ ಬರೋವರ್ಗೂ ಮನೇಲಿ ಸುಮ್ನೆ ಕೂತು ಏನ್ ಮಾಡ್ತಾನೆ ಮೇಡಂ’ ಅಂತ ಅಪ್ಪಂದಿರು ಹೇಳುತ್ತಾರೆ. ತಪ್ಪೂ ಅಲ್ಲ. ಏಪ್ರಿಲ್, ಮೇ ಮದುವೆ ಸೀಸನ್. ಕೇಟರಿಂಗಿನವರಿಗೆ ಬಡಿಸುವ ಹುಡುಗರು ಬೇಕು. ಬೇಕರಿ, ಹೋಟೆಲು, ಸೆಂಟ್ರಿಂಗ್ ಕೆಲಸ, ಮೊಬೈಲ್ ಅಂಗಡಿ, ಬೆಂಗಳೂರಿನ ಪೀಣ್ಯದಲ್ಲಿ ಪ್ಯಾಕಿಂಗ್. ಊರಿನ ಯಾರೋ ಒಬ್ಬ ಅಣ್ಣ ಮೊದಲೇ ಅಲ್ಲಿರುತ್ತಾನೆ. ಅವನೇ ಕರೆದುಕೊಂಡು ಹೋಗುತ್ತಾನೆ, ರೂಮಿನಲ್ಲಿ ಜಾಗ ಕೊಡುತ್ತಾನೆ, ಊಟದ ವ್ಯವಸ್ಥೆ ಹೇಳುತ್ತಾನೆ. ಎರಡನೇ ತಿಂಗಳ ಸಂಬಳ ಬರುವಷ್ಟರಲ್ಲಿ ಆ ಅಣ್ಣನ ಹೆಸರಿನಲ್ಲಿ ಹುಡುಗನಿಗೊಂದು ಫೋನ್ ಬಂದಿರುತ್ತದೆ, ಇಎಂಐ ಮೇಲೆ. ಕಂತು ಮುಗಿಯುವುದು ದೀಪಾವಳಿಗೋ ಸಂಕ್ರಾಂತಿಗೋ. ಕಾಲೇಜು ಶುರುವಾಗುವುದು ಜೂನ್‌ನಲ್ಲಿ. ‘ಈ ವರ್ಷ ಬಿಟ್ಟು ಮುಂದಿನ ವರ್ಷ ಸೇರ್ತೀನಿ’ ಅನ್ನುತ್ತಾನೆ. ಮುಂದಿನ ವರ್ಷ ಬಂದವರನ್ನು ನಾನು ನೋಡಿದ್ದು ಕಡಿಮೆ.

ಗಮನಿಸಿ, ಪೀಣ್ಯದಲ್ಲಿ ಅವನನ್ನು ಕಾಯಲು ಒಬ್ಬರಿದ್ದರು. ಕಾಲೇಜಿನಲ್ಲಿ ಯಾರೂ ಇರಲಿಲ್ಲ.

ಹುಡುಗಿಯರ ಕಥೆ ಬೇರೆ. ಅವರನ್ನು ಕೆಲಸಕ್ಕೆ ಕಳಿಸುವುದಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅಜ್ಜಿಗೆ ಹುಷಾರಿಲ್ಲ, ಅಕ್ಕನ ಬಾಣಂತನ, ರೇಷ್ಮೆ ಹುಳ ಕೊನೆ ಜ್ವರಕ್ಕೆ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತಕ್ಕೆ ಬಂದಿದೆ. ಆಮೇಲೆ ಬಸ್ಸಿನ ಮಾತು ಬರುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಟಿಕೆಟ್ ದುಡ್ಡಿನ ಮಾತು ನಿಂತಿದೆ. ಇದು ಸಣ್ಣ ಬದಲಾವಣೆ ಅಲ್ಲ. ಪಾಸಿನ ದುಡ್ಡು ಹೊಂದಿಸಲು ಆಗಲಿಲ್ಲ ಅಂತ ಹೇಳುತ್ತಿದ್ದ ತಾಯಂದಿರು ಈಗ ಆ ಮಾತು ಆಡುವುದಿಲ್ಲ. ಆದರೆ ಟಿಕೆಟ್ ಉಚಿತವಾಗುವುದಕ್ಕೂ ಬಸ್ಸು ಬರುವುದಕ್ಕೂ ವ್ಯತ್ಯಾಸ ಇದೆ. ನಮ್ಮ ಕಡೆಯ ಹಲವು ಊರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಸಂಜೆಯದು ಕಾಲೇಜು ಬಿಡುವ ಮೊದಲೇ ಹೊರಟುಬಿಟ್ಟರೆ ಆ ಊರಿನ ಅಷ್ಟೂ ಹುಡುಗಿಯರ ಓದು ಅಲ್ಲಿಗೆ ಮುಗಿಯಿತು. ಸೈನ್ಸ್ ತೆಗೆದುಕೊಂಡವರಿಗೆ ಸಂಜೆ ಪ್ರಾಕ್ಟಿಕಲ್ ಇರುತ್ತದೆ. ಹಾಗಾಗಿ ಬಸ್ಸಿನ ಟೈಮು ನೋಡಿ ಆರ್ಟ್ಸ್ ತೆಗೆದುಕೊಂಡ ಜಾಣ ಹುಡುಗಿಯರು ನನ್ನ ಕ್ಲಾಸಿನಲ್ಲೇ ಕೂತಿದ್ದಾರೆ. ‘ನಿಂಗೆ ಆರ್ಟ್ಸ್ ಇಷ್ಟಾನಾ’ ಅಂತ ಕೇಳಿದರೆ ನಗುತ್ತಾರೆ.

ಇನ್ನು ಕಾಗದಪತ್ರ. ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬಹುದು.

ಟಿಸಿ ಬೇಕು. ಅಂಕಪಟ್ಟಿ ಬೇಕು. ಜಾತಿ, ಆದಾಯ ಪ್ರಮಾಣಪತ್ರ ಬೇಕು, ಅದರ ಮೇಲೆ ಕಂದಾಯ ಇಲಾಖೆಯ ಆರ್‌ಡಿ ನಂಬರ್ ಇರಬೇಕು. ಅದಕ್ಕೆ ನಾಡಕಚೇರಿಗೆ ಹೋಗಬೇಕು. ಅಲ್ಲಿ ಸರ್ವರ್ ಇರಬೇಕು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಅದರ ದುಡ್ಡು ಬರಲು ಬ್ಯಾಂಕ್ ಖಾತೆ, ಖಾತೆಗೆ ಆಧಾರ್ ಜೋಡಣೆ. ಇವೆಲ್ಲದರಲ್ಲೂ ಹೆಸರು ಒಂದೇ ಥರ ಇರಬೇಕು. ಇಲ್ಲೇ ಎಡವಟ್ಟು. ನಮ್ಮ ಕಡೆ ಹೆಸರಿನ ಹಿಂದೋ ಮುಂದೋ ಇನಿಷಿಯಲ್ ಇರುತ್ತದೆ. ಊರಿನದು ಒಂದು, ಅಪ್ಪನದು ಒಂದು. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಮನುಷ್ಯರು ನೋಡಿದರೆ ಒಂದೇ ಹುಡುಗ ಅಂತ ತಕ್ಷಣ ಗೊತ್ತಾಗುತ್ತದೆ. ಪೋರ್ಟಲ್‌ಗೆ ಅವರು ಮೂವರು ಬೇರೆ ಬೇರೆ ಹುಡುಗರು. ಸರಿ ಮಾಡಿಸಿ ಅಂತ ನಾವು ಹೇಳುತ್ತೇವೆ. ಸರಿ ಮಾಡಿಸಲು ಒಂದು ದಿನದ ಕೂಲಿ ಬಿಟ್ಟು ಅಪ್ಪ ಬರಬೇಕು. ಒಂದೇ ದಿನದಲ್ಲಿ ಆಗುವುದೂ ಇಲ್ಲ. ಓದಿದವರ ಮನೆಯಲ್ಲಿ ಇದು ಒಂದು ತಲೆನೋವು, ಅಷ್ಟೇ. ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವವರ ಮನೆಯಲ್ಲಿ ಇದು ದೇವರು ಕೊಟ್ಟ ಸೂಚನೆ. ‘ಇವಳಿಗೆ ಓದು ಬರೆದಿಲ್ಲ ಬಿಡಿ ಮೇಡಂ’ ಅಂದ ಒಬ್ಬ ತಂದೆ ನೆನಪಾಗುತ್ತಾರೆ. ಮಗಳಿಗೆ ಶೇಕಡಾ ಎಂಬತ್ತರ ಮೇಲೆ ಬಂದಿತ್ತು. ತಪ್ಪಿದ್ದು ಒಂದು ಇನಿಷಿಯಲ್ ಮಾತ್ರ.

2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ತಂದರು. ನಾನು ಇದರ ಪರ. ಮಾರ್ಚ್‌ನಲ್ಲಿ ಫೇಲಾದವರು ಅದೇ ವರ್ಷ ಪಾಸಾಗಬಹುದು. ಆದರೆ ಪರೀಕ್ಷೆ-3 ಬರೆದು ಪಾಸಾದವನು ನಮ್ಮ ಮೇಜಿನ ಮುಂದೆ ಬರುವ ಹೊತ್ತಿಗೆ ಅರ್ಧ ಪುಸ್ತಕ ಆಗಿರುತ್ತಿತ್ತು. ಅವನನ್ನು ಸೇರಿಸಿಕೊಳ್ಳುತ್ತಿದ್ದೆವು, ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದೆವು. ಆಗಿಹೋದ ಪಾಠದ ಗತಿ ಏನು? ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬಾಗಿಲು ಮೂರು ಸಲ ತೆಗೆದೆವು. ಒಳಗೆ ಬಂದವನನ್ನು ಏನು ಮಾಡಬೇಕು ಅಂತ ಯೋಚಿಸಲಿಲ್ಲ.

ಸೈನ್ಸ್ ವಿಭಾಗದ ಮಾತು ಬೇರೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಜೂನ್ ತಿಂಗಳ ಒಂದು ಸೋಮವಾರ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕೇಳಬೇಕು. ‘ವೇಗೋತ್ಕರ್ಷ’ ಚೆನ್ನಾಗಿ ಗೊತ್ತಿರುವವನು ‘ಆಕ್ಸಿಲರೇಷನ್’ ಕೇಳಿ ಹೊಸ ಪಾಠ ಅಂದುಕೊಳ್ಳುತ್ತಾನೆ. ನಮ್ಮ ಫಿಸಿಕ್ಸ್ ಮೇಷ್ಟ್ರು ಮೊದಲ ತಿಂಗಳು ಎರಡೂ ಭಾಷೆಯಲ್ಲಿ ಹೇಳುತ್ತಾರೆ, ಬೋರ್ಡಿನ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್. ಹಾಗೆ ಮಾಡಿ ಅಂತ ಯಾರೂ ಅವರಿಗೆ ಆದೇಶ ಕೊಟ್ಟಿಲ್ಲ. ಸಿಲಬಸ್ ಹಿಂದೆ ಬೀಳುತ್ತೆ ಅಂತ ಅವರೇ ಗೊಣಗಿಕೊಳ್ಳುತ್ತಾರೆ, ಮತ್ತೆ ಮುಂದಿನ ವರ್ಷವೂ ಹಾಗೇ ಮಾಡುತ್ತಾರೆ.

ಊರು ಬದಲಿಸಿ ಓದಿದ ಮಕ್ಕಳಿಗೆ ಇನ್ನೊಂದು ಪೆಟ್ಟು ಸಿಇಟಿ ಅರ್ಜಿ ಹಾಕುವಾಗ ಗೊತ್ತಾಗುತ್ತದೆ. ಇಂಜಿನಿಯರಿಂಗ್ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲು ಇದೆ. ಒಳ್ಳೆಯ ನಿಯಮ. ಆದರೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಶಾಲೆ ಇದೆ, ಎಂಟಕ್ಕೆ ಪಟ್ಟಣದ ಹೈಸ್ಕೂಲಿಗೆ ಹಾಕಿದರು ಅನ್ನಿ. ಆ ಮಗು ಗ್ರಾಮೀಣ ಕೋಟಾದಿಂದ ಹೊರಗೆ. ದಿನಾ ಹಳ್ಳಿಯಿಂದಲೇ ಓಡಾಡಿದ್ದರೂ ಲೆಕ್ಕಕ್ಕಿಲ್ಲ, ಶಾಲೆ ಎಲ್ಲಿತ್ತು ಅನ್ನುವುದಷ್ಟೇ ಲೆಕ್ಕ. ಎಂಟನೇ ಕ್ಲಾಸಿಗೆ ಸೇರಿಸುವಾಗ ಇದನ್ನು ಅಪ್ಪ ಅಮ್ಮನಿಗೆ ಯಾರು ಹೇಳಬೇಕಿತ್ತು? ಗೊತ್ತಿರುವವರು ಪಟ್ಟಣದ ಅಂಚಿನ ಪಂಚಾಯಿತಿ ಹಳ್ಳಿಯಲ್ಲಿರುವ ದೊಡ್ಡ ಖಾಸಗಿ ಶಾಲೆಗೆ ಸೇರಿಸಿರುತ್ತಾರೆ. ಅವರ ಮಕ್ಕಳು ಕಾರಿನಲ್ಲಿ ಬಂದು ಗ್ರಾಮೀಣ ಅಭ್ಯರ್ಥಿಗಳಾಗುತ್ತಾರೆ. ಇರಲಿ.

ಇದರ ಜೊತೆಗೆ ವ್ಯಾಸಂಗ ಪ್ರಮಾಣಪತ್ರ. ಓದಿದ ಪ್ರತಿ ಶಾಲೆಯಿಂದ ತರಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಬೇಕು. ಒಂದೇ ಊರಿನಲ್ಲಿ ಓದಿದವರಿಗೆ ಒಂದು ಬೆಳಗ್ಗೆಯ ಕೆಲಸ. ಅಪ್ಪ ಅಮ್ಮ ಇಟ್ಟಿಗೆ ಗೂಡಿಗೆ, ಕಾಫಿ ತೋಟಕ್ಕೆ ಹೋದ ಕಡೆಯಲ್ಲೆಲ್ಲ ಓದಿದ ಹುಡುಗಿ ಮೂರು ತಾಲ್ಲೂಕು ಸುತ್ತಬೇಕು. ಅದೂ ಸೆಕೆಂಡ್ ಪಿಯು ಪರೀಕ್ಷೆ ಹತ್ತಿರ ಇರುವಾಗ. ಹೆಚ್ಚು ಓಡಾಡಿದವರಿಗೇ ಹೆಚ್ಚು ಓಡಾಟ.

ಹಿಂದೆ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಆದರೆ ಒಂದು ಹಳೆಯ ಸಂಗತಿ ನನ್ನನ್ನು ಕಾಡುತ್ತದೆ. ನಮ್ಮ ಪಕ್ಕದ ಗೌರಿಬಿದನೂರಿನ ಹತ್ತಿರ ಹೊಸೂರು ಅಂತ ಊರಿದೆ. ಎಚ್. ನರಸಿಂಹಯ್ಯನವರು ಅಲ್ಲಿಯವರು. ಊರಿನಲ್ಲಿ ಹೈಸ್ಕೂಲು ಇರಲಿಲ್ಲ, ಬಸ್ಸಿಗೆ ದುಡ್ಡಿರಲಿಲ್ಲ. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ನಡೆದುಕೊಂಡೇ ಹೋದರು. ಆಮೇಲೆ ಅದೇ ಸಂಸ್ಥೆಯ ಕಾಲೇಜಿಗೆ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ನಡಿಗೆಯನ್ನೇ ದೊಡ್ಡದು ಮಾಡಿ ಹೇಳುತ್ತೇವೆ. ‘ನೋಡಿ, ಎಷ್ಟು ಕಷ್ಟಪಟ್ಟರು, ನೀವೂ ಹಾಗೆ ಇರಬೇಕು.’ ಅಷ್ಟು ದೂರ ನಡೆಯುವ ಧೈರ್ಯ ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಊರಿನ ಶಾಲೆಯಲ್ಲಿ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಬೆಂಗಳೂರಿಗೆ ಹೋಗಿದ್ದರು. ‘ಬಾ, ಇಲ್ಲಿ ಓದು’ ಅಂತ ಅವರು ಕರೆದಿದ್ದರು. ಆ ಹುಡುಗ ಗುರುತಿರುವ ಒಬ್ಬರ ಕಡೆಗೆ ನಡೆದ.

ಆ ಕಾಲದಲ್ಲಿ ವಾರಾನ್ನ ಇತ್ತು. ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗೆ, ಬೇರೆ ಬೇರೆ ಸಮುದಾಯದವರು ಊರೂರಲ್ಲಿ ಕಟ್ಟಿದ ಹಾಸ್ಟೆಲುಗಳು. ಹಳ್ಳಿಯಿಂದ ಬಂದ ಹುಡುಗನಿಗೆ ಪಟ್ಟಣದಲ್ಲಿ ಒಂದು ಹೆಸರು, ಒಂದು ವಿಳಾಸ ಸಿಗುತ್ತಿತ್ತು. ಎಲ್ಲರಿಗೂ ಸಿಗುತ್ತಿತ್ತಾ? ಇಲ್ಲ. ವಾರಾನ್ನದ ಮನೆಗಳು ಯಾರಿಗೆ ತೆರೆದಿದ್ದವು, ಯಾರಿಗೆ ಮುಚ್ಚಿದ್ದವು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಯರಂತೂ ಆ ಚಿತ್ರದಲ್ಲೇ ಇಲ್ಲ. ಅದಕ್ಕೇ ಸರ್ಕಾರಿ ಹಾಸ್ಟೆಲು ಬಂದದ್ದು ದೊಡ್ಡ ಸಂಗತಿ. ದೇವರಾಜ ಅರಸರ ಕಾಲದಲ್ಲಿ ಬೆಳೆದ, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲುಗಳಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಇದ್ದು ಓದಿದವರು ಇವತ್ತು ರಾಜ್ಯದ ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ನನ್ನ ತಕರಾರು ಒಂದೇ. ಕ್ಲಾಸು ಶುರುವಾಗುವುದು ಜೂನ್‌ನಲ್ಲಿ, ನಮ್ಮ ಕಡೆ ಹಾಸ್ಟೆಲಿನ ಆಯ್ಕೆ ಪಟ್ಟಿ ಬರುವುದು ಅದಾಗಿ ಎಷ್ಟೋ ವಾರಕ್ಕೆ. ಆ ನಡುವೆ ದೂರದ ಮಗು ಎಲ್ಲಿ ಮಲಗಬೇಕು? ಪರಿಚಯದವರ ಮನೆ ಇದ್ದವರು ನಿಲ್ಲುತ್ತಾರೆ. ಇಲ್ಲದವರು ಊರಿಗೆ ಹೋಗಿ ‘ಲಿಸ್ಟ್ ಬಂದ್ಮೇಲೆ ಬರ್ತೀವಿ’ ಅನ್ನುತ್ತಾರೆ.

ಹೀಗಾಗಿ ನಾವೊಂದು ಸಣ್ಣ ಕೆಲಸ ಶುರು ಮಾಡಿದೆವು. ಸುತ್ತಲಿನ ಹೈಸ್ಕೂಲುಗಳಿಂದ ಏಪ್ರಿಲ್‌ನಲ್ಲೇ ಹತ್ತನೇ ಕ್ಲಾಸಿನ ಮಕ್ಕಳ ಪಟ್ಟಿ ಮತ್ತು ಫೋನ್ ನಂಬರು ತರಿಸಿಕೊಂಡೆವು. ರಿಸಲ್ಟಿಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಫೋನ್. ಮಾತೇನೂ ದೊಡ್ಡದಲ್ಲ. ನಾನು ಇಂಥ ಕಾಲೇಜಿನಿಂದ ಮಾತಾಡ್ತಿದೀನಿ, ಮುಂದೆ ಏನು ಓದಬೇಕು ಅಂತಿದ್ದೀಯ, ಜಾತಿ-ಆದಾಯ ಸರ್ಟಿಫಿಕೇಟ್ ಈಗಲೇ ಮಾಡಿಸಿಕೋ. ಫೀಸ್ ಎಷ್ಟು ಅಂತ ಮೊದಲು ಕೇಳುತ್ತಾರೆ ಅಂದುಕೊಂಡಿದ್ದೆ. ಬಹಳ ಜನ ಮೊದಲು ಕೇಳಿದ್ದು ಬಸ್ಸಿನ ಬಗ್ಗೆ. ಆಮೇಲೆ, ‘ನಮ್ಮೂರಿಂದ ಬೇರೆ ಯಾರಾದ್ರೂ ಸೇರ್ತಿದಾರಾ ಮೇಡಂ?’ ಜೊತೆಗೆ ಬರುವ ಒಬ್ಬಳು ಸಿಕ್ಕಿದರೆ ಮನೆಯವರು ಕಳಿಸುತ್ತಾರೆ. ಒಬ್ಬಳ ಹೆಸರನ್ನು ಇನ್ನೊಬ್ಬಳಿಗೆ ಹೇಳುವುದೇ ನಮ್ಮ ಅರ್ಧ ಕೆಲಸವಾಯಿತು. ಎಲ್ಲರೂ ಬರಲಿಲ್ಲ. ಕೆಲವು ನಂಬರು ಅಷ್ಟರಲ್ಲೇ ಬದಲಾಗಿದ್ದವು. ಒಬ್ಬ ಹುಡುಗ ಬೇಕರಿಯಿಂದಲೇ ಫೋನ್ ಎತ್ತಿ, ‘ಓನರ್ ಇದಾರೆ, ಆಮೇಲೆ ಮಾಡಿ’ ಅಂದ. ಆಮೇಲೆ ಎತ್ತಲಿಲ್ಲ.

ಪಿಯು ಬಿಟ್ಟು ಬೇರೆ ದಾರಿ ಇಲ್ಲವಾ ಅಂದರೆ ಇದೆ. ನಾವು ಹೇಳುವುದಿಲ್ಲ ಅಷ್ಟೇ. ಹತ್ತನೇ ಕ್ಲಾಸಾದ ಮೇಲೆ ಎರಡು ವರ್ಷ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು. ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಈ ದಾರಿಯಲ್ಲಿ ಬಂದ ಹುಡುಗರ ಕೈಗೆ ಸ್ಪ್ಯಾನರ್ ಹಿಡಿದು ಗೊತ್ತಿರುತ್ತದೆ. ಆದರೆ ‘ಐಟಿಐಗೆ ಹೋಗು’ ಅಂದರೆ ಬೈದ ಹಾಗೆ ತಿಳಿಯುತ್ತಾರೆ, ಅದಕ್ಕೆ ಮೇಷ್ಟ್ರುಗಳೂ ಕಾರಣ. ದಡ್ಡರನ್ನು ಕಳಿಸುವ ಜಾಗ ಅಂತ ನಾವೇ ಮಾಡಿಟ್ಟಿದ್ದೇವೆ. ನನಗೆ ತುಂಬ ಇಷ್ಟವಾದದ್ದು ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ. ಮೂರು ವರ್ಷ ಕಲಿಕೆ, ನಾಲ್ಕನೇ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಕೋರ್ಸ್ ಮುಗಿಯುವ ಮೊದಲೇ ಹುಡುಗ ಕೆಲಸದ ಜಾಗ ನೋಡಿರುತ್ತಾನೆ, ಅಲ್ಲಿನವರು ಇವನನ್ನು ನೋಡಿರುತ್ತಾರೆ. ಓದಿಗೂ ಕೆಲಸಕ್ಕೂ ನಡುವೆ ಯಾರೂ ಇಲ್ಲದ ತಿಂಗಳುಗಳು ಬರುವುದೇ ಇಲ್ಲ.

ಡಿಗ್ರಿಯಲ್ಲಿ ಇಂಥದ್ದೊಂದನ್ನು ಮಾಡಲು ಹೊರಟಿದ್ದರು. 2021-22ರಲ್ಲಿ ಹೊಸ ಶಿಕ್ಷಣ ನೀತಿ ತಂದಾಗ ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್ ಅಂದರು. 2024-25ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಯಾವ ಪಕ್ಷ ಸರಿ ಅನ್ನುವ ಜಗಳ ನನಗೆ ಬೇಡ. ನಡುವಿನ ಬ್ಯಾಚಿನ ಮಕ್ಕಳು ಒಂದು ಸಿಲಬಸ್ಸಿನಲ್ಲಿ ಸೇರಿದರು, ಅವರ ತಮ್ಮ ತಂಗಿಯರು ಇನ್ನೊಂದರಲ್ಲಿ ಸೇರಿದರು. ಅಕ್ಕನ ಪುಸ್ತಕ ತಂಗಿಗೆ ಬರಲಿಲ್ಲ. ಬಿಟ್ಟುಹೋಗುವ ಬಾಗಿಲಿನ ಬಗ್ಗೆ ನನಗೆ ಆಗಲೂ ಅನುಮಾನ ಇತ್ತು. ನಮ್ಮ ಮಕ್ಕಳಿಗೆ ಹೊರಗೆ ಹೋಗಲು ಬಾಗಿಲು ಬೇಕಾಗಿಯೇ ಇಲ್ಲ, ಅವರು ಕೇಳದೇ ಹೋಗುತ್ತಾರೆ. ಬೇಕಿರುವುದು ಮರಳಿ ಬರುವ ಬಾಗಿಲು.

ಡಿಗ್ರಿ ಆದ ಮೇಲಿನ ಖಾಲಿ ಕಾಲ ಇನ್ನೂ ಉದ್ದ. ಯುವನಿಧಿ ಯೋಜನೆಯ ನಿಯಮವೇ ಅದನ್ನು ಒಪ್ಪಿಕೊಂಡಿದೆ. ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆ ದುಡ್ಡಿನಲ್ಲಿ ಹುಡುಗರು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರುತ್ತಾರೆ, ಪಿಡಿಒ, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ಹುದ್ದೆಗಳಿಗೆ ಓದುತ್ತಾರೆ. ಅಧಿಸೂಚನೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದರೂ ಪರೀಕ್ಷೆ ಮುಂದೆ ಹೋಗಬಹುದು, ಕೋರ್ಟಿಗೆ ಹೋಗಬಹುದು. ಊರಿಗೆ ಬಂದಾಗ ‘ಏನ್ ಮಾಡ್ತಿದೀಯಪ್ಪ’ ಅಂದರೆ ‘ಪ್ರಿಪೇರ್ ಆಗ್ತಿದೀನಿ’ ಅನ್ನುತ್ತಾರೆ. ಮೂವತ್ತು ದಾಟಿದವರೂ ಅದೇ ಮಾತು ಹೇಳುವುದನ್ನು ಕೇಳಿದ್ದೇನೆ. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಬಿಎ, ಬಿಕಾಂ ಮಾಡಿದವರೂ ಸ್ಟೈಪೆಂಡ್ ತಗೊಂಡು ಒಂದು ವರ್ಷ ಕೆಲಸ ಕಲಿಯಬಹುದು ಅಂತ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಹೇಳಿದರೆ, ‘ಅದು ಐಟಿಐನೋರಿಗೆ ಅಲ್ವಾ ಮೇಡಂ?’

ಮರಳಿ ಬರುವವರ ಬಗ್ಗೆ ಹೇಳುತ್ತಿದ್ದೆ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬಳು ಹಳೆಯ ವಿದ್ಯಾರ್ಥಿನಿ ಇದ್ದಾಳೆ. ಸೆಕೆಂಡ್ ಪಿಯುನಲ್ಲಿ ಇಂಗ್ಲಿಷ್ ಒಂದು ಹೋಗಿತ್ತು. ಮದುವೆಯಾಗಿ, ಮಗುವಾಗಿ, ಸೂಪರ್‌ವೈಸರ್ ಆಗಲು ಪಿಯು ಆಗಿರಬೇಕು ಅಂತ ಗೊತ್ತಾದ ಮೇಲೆ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು. ಹಳೇ ನಂಬರಿನಲ್ಲಿ ಮತ್ತೆ ಕಟ್ಟಬಹುದಾ ಅಂತ. ಕಟ್ಟಿದಳು, ಪಾಸಾದಳು. ಈಗ ಡಿಗ್ರಿ ಮಾಡಬೇಕಂತೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಬಗ್ಗೆ ನಾನು ಹೇಳಿದೆ. ಅದಕ್ಕೆ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಮಾನ್ಯತೆ ಇಲ್ಲದ ಸುದ್ದಿ ಊರೂರಿಗೆ ಹೋಗಿತ್ತು, ಸಿಕ್ಕಿದ ಸುದ್ದಿ ಹೋಗಿಲ್ಲ. ‘ಅದು ನಡೆಯಲ್ವಂತೆ’ ಅಂತ ಅವಳ ಗಂಡ ಹೇಳಿದ್ದರಂತೆ. ನಡೆಯುತ್ತೆ ಅಂತ ಅವರಿಗೆ ನಾನೇ ಫೋನಿನಲ್ಲಿ ಹೇಳಬೇಕಾಯಿತು.

ಹೈಸ್ಕೂಲಿನವರ ಪಟ್ಟಿ ನಮಗೆ ಬಂದ ಹಾಗೆ ನಮ್ಮ ಪಟ್ಟಿ ಮುಂದಿನವರಿಗೆ ಹೋಗಬೇಕು ತಾನೇ? ಸೆಕೆಂಡ್ ಪಿಯು ಪರೀಕ್ಷೆ ಮುಗಿದ ವಾರ ಊರಿನ ಡಿಗ್ರಿ ಕಾಲೇಜಿಗೆ ಹೋಗಿ ಕೇಳಿದೆ. ಅಲ್ಲಿನವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಅಡ್ಮಿಷನ್ ಎಲ್ಲ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗುತ್ತೆ, ಪಟ್ಟಿ ಯಾಕೆ ಅಂದರು. ಅರ್ಜಿ ಹಾಕದೇ ಇರುವವರು ಅದರಲ್ಲಿ ಕಾಣುವುದಿಲ್ಲವಲ್ಲ, ಅವರಿಗೆ ಫೋನ್ ಮಾಡೋಕೆ ಅಂದೆ. ‘ಆಯ್ತು ಮೇಡಂ, ಎಕ್ಸೆಲ್‌ನಲ್ಲಿ ಕಳಿಸಿ’ ಅಂದರು. ಕಳಿಸಿದ್ದೇನೆ. ಊರಿನ ಹೆಸರಿನ ಕಾಲಮ್ಮಿನ ಪಕ್ಕ ಬಸ್ಸಿನ ಟೈಮನ್ನೂ ಹಾಕಿದ್ದೇನೆ.